ಲಾಯದ ಅನುಮತಿ, ನೆಲದ ಬೆಲೆ

ಬಯಲಿನಲ್ಲಿ ನಿಂತಿರುವ ಕುದುರೆ ಅಲ್ಲಿ ಮೇಯಲೆಂದು ಬಂದಿದೆಯೇ ಅಥವಾ ಕಾಲಾಡಿಸಲೆಂದು ಬಂದಿದೆಯೇ? ಮೇಲ್ನೋಟಕ್ಕೆ ಇದು ಹಾಸ್ಯಾಸ್ಪದ ಪ್ರಶ್ನೆ. ಇಂಗ್ಲೆಂಡಿನ ಭೂಬಳಕೆ ಕಾನೂನಿನಲ್ಲಿ ಮಾತ್ರ ಇದು ಗಂಭೀರವಾದ ಪ್ರಶ್ನೆ. 1981ರಲ್ಲಿ ತೀರ್ಪು ಬಂದ ಸೈಕ್ಸ್ ಪ್ರಕರಣದಲ್ಲಿ ಅಲ್ಲಿಯ ನ್ಯಾಯಾಲಯ ಇದನ್ನೇ ವಿಚಾರಿಸಿತು. ಕುದುರೆಯನ್ನು ಹುಲ್ಲು ತಿನ್ನಲೆಂದೇ ಹೊಲಕ್ಕೆ ಬಿಟ್ಟಿದ್ದರೆ ಅದು ಮೇವಿನ ಭೂಮಿ. ಮೇವಿನ ಭೂಮಿ ಎಂದರೆ ಕೃಷಿ. ಕೃಷಿಗೆ ಯಾರ ಅನುಮತಿಯೂ ಬೇಕಿಲ್ಲ. ಚೀಲದಲ್ಲಿ ತಂದ ಮೇವನ್ನು ಹಾಕಿ, ವ್ಯಾಯಾಮಕ್ಕಾಗಿಯೋ ವಿನೋದಕ್ಕಾಗಿಯೋ ಕುದುರೆಯನ್ನು ಅಲ್ಲಿ ಇರಿಸಿಕೊಂಡಿದ್ದು, ನಡುನಡುವೆ ಅದು ನಾಲ್ಕು ಗರಿಕೆ ಕಿತ್ತು ತಿಂದರೆ ಅದು ಮೇವಲ್ಲ. ಆಗ ಭೂಮಿಯ ಬಳಕೆಯೇ ಬದಲಾದಂತೆ. ಅದಕ್ಕೆ ಸ್ಥಳೀಯ ಯೋಜನಾ ಪ್ರಾಧಿಕಾರದ ಅನುಮತಿ ಬೇಕು.

ದೂರದ ದೇಶದ ಕುದುರೆ ಲಾಯಗಳ ವಿಚಾರ ಕನ್ನಡದ ಓದುಗರಿಗೇಕೆ ಎಂಬ ಆಕ್ಷೇಪಣೆಗೆ ನನ್ನ ಉತ್ತರ ಸರಳವಾದುದು. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಹೆಸರೇ ಅದರ ಕುಲಗೋತ್ರವನ್ನು ಹೇಳುತ್ತದೆ. ಸೇವಾವಧಿಯ ಬಹುಭಾಗವನ್ನು ಭೂಪರಿವರ್ತನೆಯ ಕಡತಗಳ ನಡುವೆ ಕಳೆದ ನನಗೆ, ಆ ಕುಲದ ಹಿರಿಯ ಮನೆಯಲ್ಲಿ ಇಂಥ ಅರ್ಜಿಗಳನ್ನು ಹೇಗೆ ತೀರ್ಮಾನಿಸುತ್ತಾರೆ ಎಂಬ ಕುತೂಹಲ ಸಹಜವಾಗಿಯೇ ಇದೆ. ದೊಡ್ಡ ಯೋಜನೆಗಳಲ್ಲಿ ಕಾನೂನಿನ ನಿಜಗುಣ ಕಾಣುವುದು ಕಷ್ಟ. ಅಲ್ಲಿ ರಾಜಕೀಯ, ಬಂಡವಾಳ, ಉದ್ಯೋಗದ ಲೆಕ್ಕಾಚಾರಗಳೆಲ್ಲ ಸೇರಿಕೊಂಡಿರುತ್ತವೆ. ನಾಲ್ಕು ಕುದುರೆಗಳ ಒಂದು ಮರದ ಲಾಯದಂಥ ಸಣ್ಣ ಅರ್ಜಿಯಲ್ಲಿ ಅದು ಬೆತ್ತಲೆಯಾಗಿ ಕಾಣುತ್ತದೆ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಎರಡನೆಯ ಮಹಾಯುದ್ಧದ ನಡುವೆಯೇ, 1942ರಲ್ಲಿ, ಬ್ರಿಟನ್ನಿನಲ್ಲಿ ಭೂಮಿಯ ಕುರಿತು ಎರಡು ವರದಿಗಳು ಬಂದವು. ಅಭಿವೃದ್ಧಿಯಿಂದ ಹೆಚ್ಚುವ ನೆಲದ ಬೆಲೆ ಯಾರಿಗೆ ಸೇರಬೇಕು ಎಂಬುದನ್ನು ಅಥ್ವಾಟ್ ಸಮಿತಿ ಚರ್ಚಿಸಿತು. ಗ್ರಾಮಾಂತರ ಭೂಮಿಯನ್ನು ಹೇಗೆ ಬಳಸಬೇಕು ಎಂಬುದನ್ನು ಸ್ಕಾಟ್ ಸಮಿತಿ ಪರಿಶೀಲಿಸಿತು. ಉತ್ತಮ ಸಾಗುವಳಿ ಭೂಮಿಯ ಮೇಲೆ ಕೃಷಿಗೇ ಮೊದಲ ಹಕ್ಕು, ಬೇರೆ ಬಳಕೆ ಕೇಳುವವನು ತನ್ನ ಅಗತ್ಯವನ್ನು ಸಾಬೀತುಪಡಿಸಬೇಕು ಎಂಬುದು ಸ್ಕಾಟ್ ಸಮಿತಿಯ ಬಹುಮತದ ನಿಲುವು. ಸಮಿತಿಯಲ್ಲಿದ್ದ ಅರ್ಥಶಾಸ್ತ್ರಜ್ಞ ಎಸ್.ಆರ್. ಡೆನಿಸನ್ ಇದನ್ನು ಒಪ್ಪದೆ ಪ್ರತ್ಯೇಕ ವರದಿಯನ್ನೇ ಬರೆದರು. ಕೃಷಿಗೆ ಇಂಥ ಮುಂಗಡ ಹಕ್ಕನ್ನು ಕೊಡಲು ಆಧಾರವಿಲ್ಲವೆಂಬುದು ಅವರ ವಾದ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಡೆನಿಸನ್ ಅವರ ತರ್ಕ ಇಂದಿಗೂ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಗೆದ್ದದ್ದು ಮಾತ್ರ ಬಹುಮತ. ಯುದ್ಧಕಾಲದ ಪಡಿತರ ಚೀಟಿ ಕೈಯಲ್ಲಿದ್ದ ಜನಕ್ಕೆ ಬೇರೆ ತೀರ್ಮಾನ ರುಚಿಸುತ್ತಿರಲಿಲ್ಲ.

ಆಟ್ಲಿ ಸರ್ಕಾರ ತಂದ 1947ರ ಕಾಯ್ದೆ ಮರುವರ್ಷ ಜುಲೈ 1ರಂದು ಜಾರಿಗೆ ಬಂದಿತು. ಅಂದಿನಿಂದ ಭೂಮಿಯ ಒಡೆತನ ಒಡೆಯನಲ್ಲೇ ಉಳಿದರೂ ಅದನ್ನು ಅಭಿವೃದ್ಧಿಪಡಿಸುವ ಹಕ್ಕು ಪ್ರಭುತ್ವದ ಕೈಗೆ ಹೋಯಿತು. ಅನುಮತಿಯಿಂದ ಹೆಚ್ಚುವ ಬೆಲೆಯ ಮೇಲೆ ಶೇ 100ರಷ್ಟು ಶುಲ್ಕವನ್ನೂ ವಿಧಿಸಲಾಯಿತು. ಲಾಭವೇ ಇಲ್ಲದಿದ್ದರೆ ನೆಲವನ್ನು ಯಾರು ಮಾರುತ್ತಾರೆ? ಭೂಮಿ ಮಾರುಕಟ್ಟೆಗೆ ಬರುವುದೇ ಕಡಿಮೆಯಾಯಿತು. 1951ರಲ್ಲಿ ಅಧಿಕಾರಕ್ಕೆ ಬಂದ ಕನ್ಸರ್ವೇಟಿವ್ ಸರ್ಕಾರ ಎರಡೇ ವರ್ಷಗಳಲ್ಲಿ ಆ ಶುಲ್ಕವನ್ನು ರದ್ದುಪಡಿಸಿತು. ಆದರೆ ಅನುಮತಿಯ ವ್ಯವಸ್ಥೆಯನ್ನು ಮುಟ್ಟಲಿಲ್ಲ. ಇದರ ಪರಿಣಾಮವನ್ನು ಸರಿಯಾಗಿ ಗ್ರಹಿಸಬೇಕು. ಅಭಿವೃದ್ಧಿಯ ಹಕ್ಕು ಸಾರ್ವಜನಿಕರದ್ದಾಗಿಯೇ ಉಳಿಯಿತು. ಆ ಹಕ್ಕನ್ನು ಒಬ್ಬನಿಗೆ ಕೊಟ್ಟಾಗ ಹುಟ್ಟುವ ಬೆಲೆ ಮಾತ್ರ ಬಹುಪಾಲು ಖಾಸಗಿಯಾಯಿತು. ಮುಂದೆ ಬೇರೆ ಬೇರೆ ಹೆಸರಿನ ತೆರಿಗೆಗಳು ಬಂದು ಹೋದವು, ಮೂಲ ಸ್ಥಿತಿ ಬದಲಾಗಲಿಲ್ಲ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸಾಗುವಳಿಯ ಒಂದು ಹೆಕ್ಟೇರಿಗೂ ಮನೆ ಕಟ್ಟಲು ಅನುಮತಿ ಪಡೆದ ಒಂದು ಹೆಕ್ಟೇರಿಗೂ ಬೆಲೆಯಲ್ಲಿ ಇರುವ ಅಂತರ ಹತ್ತಾರು ಪಟ್ಟು. ಮಣ್ಣು ಅದೇ, ಮಳೆಯೂ ಅದೇ. ವ್ಯತ್ಯಾಸವಿರುವುದು ಒಂದು ಕಾಗದದಲ್ಲಿ.

ಈ ವ್ಯವಸ್ಥೆಯೊಳಕ್ಕೆ ಕುದುರೆ ಹೇಗೆ ಬಂದಿತು ಎಂಬುದನ್ನು ನೋಡೋಣ. ಈಗ ಜಾರಿಯಲ್ಲಿರುವ 1990ರ ಕಾಯ್ದೆಯ 336ನೇ ಸೆಕ್ಷನ್ ಕೃಷಿ ಎಂದರೇನು ಎಂದು ವಿವರಿಸುತ್ತದೆ. ತೋಟಗಾರಿಕೆ, ಹೈನುಗಾರಿಕೆ, ಮೇವಿನ ಭೂಮಿ, ಬುಟ್ಟಿ ಹೆಣೆಯುವ ಬೆತ್ತದಂಥ ಗಿಡ ಬೆಳೆಯುವ ಜೌಗು ಕೂಡ ಅದರಲ್ಲಿವೆ. ಜಾನುವಾರು ಸಾಕಣೆಯೂ ಇದೆ. ಆಹಾರ, ಉಣ್ಣೆ, ಚರ್ಮಕ್ಕಾಗಿ ಅಥವಾ ಹೊಲದ ಕೆಲಸಕ್ಕಾಗಿ ಸಾಕಿದ ಪ್ರಾಣಿಗಳನ್ನು ಅಲ್ಲಿ ಹೆಸರಿಸಲಾಗಿದೆ. ನೇಗಿಲೆಳೆಯುವ ಕುದುರೆ ಇದರೊಳಗೆ ಸೇರುತ್ತದೆ, ಸವಾರಿಯ ಕುದುರೆ ಸೇರುವುದಿಲ್ಲ. 1962ರ ಬೆಲ್ಮಾಂಟ್ ಫಾರ್ಮ್ ಪ್ರಕರಣದಲ್ಲಿ, ಅಡೆತಡೆ ಜಿಗಿಯುವ ಸ್ಪರ್ಧೆಗಾಗಿ ಕುದುರೆಗಳನ್ನು ಬೆಳೆಸಿ ಪಳಗಿಸುವುದು ಕೃಷಿಯಲ್ಲವೆಂದು ನ್ಯಾಯಾಲಯ ಹೇಳಿತು. ಇದೇ ದೇಶದ 1984ರ ಪಿತ್ರಾರ್ಜಿತ ತೆರಿಗೆ ಕಾಯ್ದೆ ಮಾತ್ರ ಅಶ್ವಸಂವರ್ಧನಾ ಕೇಂದ್ರದಲ್ಲಿ ಕುದುರೆ ಬೆಳೆಸುವುದನ್ನು ಕೃಷಿ ಎಂದೇ ಪರಿಗಣಿಸಿ ರಿಯಾಯಿತಿ ಕೊಡುತ್ತದೆ. ಒಂದೇ ಪ್ರಾಣಿ ಯೋಜನಾ ಕಚೇರಿಯಲ್ಲಿ ವಿನೋದ, ತೆರಿಗೆ ಕಚೇರಿಯಲ್ಲಿ ಕೃಷಿ. ಕಾನೂನು ಬರೆಯುವವರ ನಡುವೆ ಪರಸ್ಪರ ಮಾತುಕತೆ ಇರುವುದಿಲ್ಲವೆಂಬ ದೂರು ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ.

ಈ ವ್ಯಾಖ್ಯೆಯಿಂದ ಆಗುವ ಪರಿಣಾಮವೇನು? ಐದು ಹೆಕ್ಟೇರಿಗಿಂತ ಹೆಚ್ಚು ಜಮೀನಿರುವ ರೈತ ಕೃಷಿಗೆ ಅಗತ್ಯವಾದ ಕಟ್ಟಡವನ್ನು ಪೂರ್ಣ ಅರ್ಜಿಯಿಲ್ಲದೆ, ಕೆಲವು ಷರತ್ತುಗಳಿಗೆ ಒಳಪಟ್ಟು ಕಟ್ಟಬಹುದು. ಅಷ್ಟೇ ಜಮೀನಿದ್ದು ಎರಡು ಸವಾರಿ ಕುದುರೆ ಸಾಕುವವನಿಗೆ ಆ ಸೌಲಭ್ಯವಿಲ್ಲ. ಹಾಗಾಗಿ ಹೊಲದ ಮೂಲೆಯಲ್ಲಿ ಮೊದಲು ಒಂದು ಆಸರೆ ಬರುತ್ತದೆ: ಮೂರು ಕಡೆ ಹಲಗೆ, ಮೇಲೊಂದು ತಗಡು, ಅಡಿಯಲ್ಲಿ ಜಾರುಪಟ್ಟಿ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಜಾಗ ಬದಲಾಗುತ್ತದೆ, ಆದ್ದರಿಂದ ಇದು ಕಟ್ಟಡವೇ ಅಲ್ಲ ಎಂಬುದು ಒಡೆಯನ ವಾದ. ಅದರ ಗಾತ್ರವೆಷ್ಟು, ಎಷ್ಟು ಕಾಲದಿಂದ ಅಲ್ಲಿದೆ, ನೆಲಕ್ಕೆ ಹೇಗೆ ಅಂಟಿಕೊಂಡಿದೆ ಎಂಬ ಮೂರು ಅಂಶಗಳ ಮೇಲೆ ಅಧಿಕಾರಿ ಇದನ್ನು ತೂಗುತ್ತಾನೆ. ಆನಂತರ ಕಾಂಕ್ರೀಟು ನೆಲದ ಲಾಯಕ್ಕೆ ಅರ್ಜಿ ಬರುತ್ತದೆ. ಜೀನು, ಲಗಾಮು ಇಡಲು ಒಂದು ಕೋಣೆ, ಒಣಹುಲ್ಲಿಗೆ ಇನ್ನೊಂದು ಸೇರುತ್ತವೆ. ಮಳೆಗಾಲದಲ್ಲಿ ಹೊಲ ಕೆಸರಾಗುವುದರಿಂದ ಮರಳು ಮತ್ತು ರಬ್ಬರ್ ಚೂರು ಹಾಸಿದ ಸವಾರಿ ಅಂಕಣ ಬೇಕಾಗುತ್ತದೆ. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವುದರಿಂದ ಅದಕ್ಕೆ ದೀಪದ ಕಂಬಗಳೂ ಬೇಕು. ಕುದುರೆ ಸಾಗಿಸುವ ವಾಹನ ನಿಲ್ಲಿಸಲು ಜಲ್ಲಿ ಹಾಸಿದ ಅಂಗಳ ಬರುತ್ತದೆ. ಕೊನೆಯಲ್ಲಿ, ಕಳ್ಳರ ಕಾಟವಿದೆ, ಕಾಯಿಲೆ ಬಿದ್ದ ಕುದುರೆಯನ್ನು ರಾತ್ರಿ ನೋಡಿಕೊಳ್ಳಬೇಕು ಎಂಬ ಕಾರಣಕ್ಕೆ ಒಂದು ಸಂಚಾರಿ ಮನೆ ಬಂದು ನಿಲ್ಲುತ್ತದೆ.

ಪ್ರತಿಯೊಂದು ಹೆಜ್ಜೆಗೂ ನ್ಯಾಯವಾದ ಕಾರಣವಿದೆ ಎಂಬುದೇ ಇಲ್ಲಿಯ ಕಷ್ಟ. ಅಲ್ಲಿಯ ಯೋಜನಾ ವಲಯದಲ್ಲಿ ಇದಕ್ಕೆ ‘ಹಾರ್ಸಿಕಲ್ಚರ್’ ಎಂಬ ವ್ಯಂಗ್ಯದ ಹೆಸರೇ ಹುಟ್ಟಿಕೊಂಡಿದೆ. ಸಾಗುವಳಿ ನಿಂತ ಹೊಲಗಳನ್ನು ಬಿಳಿ ಪಟ್ಟಿಯ ವಿದ್ಯುತ್ ಬೇಲಿಗಳು ತುಂಡು ತುಂಡಾಗಿ ಸೀಳಿರುವ, ಗೊರಸಿನ ಅಡಿಗೆ ಸಿಕ್ಕಿ ಹುಲ್ಲು ಸತ್ತ, ಅಲ್ಲಲ್ಲಿ ತಿಪ್ಪೆ ಮತ್ತು ಹಳೆಯ ಟ್ರೇಲರುಗಳು ಬಿದ್ದಿರುವ ನಗರದಂಚಿನ ದೃಶ್ಯವನ್ನು ಆ ಹೆಸರು ಸೂಚಿಸುತ್ತದೆ. ಬೇಡಿಕೆ ಹೆಚ್ಚಿರುವುದೂ ನಗರದಂಚಿನಲ್ಲೇ. ಅಲ್ಲಿಯೇ ಹಸಿರು ವಲಯವೂ ಇದೆ. 1955ರ ಸುತ್ತೋಲೆಯ ನಂತರ ವ್ಯಾಪಕವಾಗಿ ರೂಪುಗೊಂಡ ಈ ವಲಯ ಈಗ ಇಂಗ್ಲೆಂಡಿನ ನೆಲದ ಸುಮಾರು ಶೇ 12.5ರಷ್ಟನ್ನು ಆವರಿಸಿದೆ. ಅಲ್ಲಿ ಹೊಸ ಕಟ್ಟಡಗಳು ಸಾಮಾನ್ಯವಾಗಿ ಅನುಚಿತ. ಹೊರಾಂಗಣ ಕ್ರೀಡೆ ಮತ್ತು ವಿಹಾರಕ್ಕೆ ಬೇಕಾದ ಸೌಲಭ್ಯಗಳಿಗೆ ಮಾತ್ರ ವಿನಾಯಿತಿ ಇದೆ.

ವಿನಾಯಿತಿಯ ಪದಗಳು ಬದಲಾಗುತ್ತ ಬಂದ ಬಗೆಯೂ ಬೋಧಪ್ರದವಾಗಿದೆ. 1995ರ ಮಾರ್ಗದರ್ಶಿಯಲ್ಲಿ ಇದ್ದುದು ‘ಅತ್ಯಗತ್ಯ’ ಸೌಲಭ್ಯ ಎಂಬ ಪದ. ಅದಕ್ಕೆ ಉದಾಹರಣೆಯಾಗಿ ‘ಸಣ್ಣ ಲಾಯ’ಗಳನ್ನು ಹೆಸರಿಸಲಾಗಿತ್ತು. 2012ರ ರಾಷ್ಟ್ರೀಯ ಯೋಜನಾ ನೀತಿಯಲ್ಲಿ ‘ಅತ್ಯಗತ್ಯ’ ಹೋಗಿ ‘ಸೂಕ್ತ’ ಬಂದಿತು, ಸಣ್ಣ ಲಾಯದ ಉದಾಹರಣೆ ಬಿಟ್ಟುಹೋಯಿತು. ಸಣ್ಣದೆಂದರೆ ಎಷ್ಟು ಎಂಬ ಜಗಳ ಅಲ್ಲಿಗೆ ಮುಗಿಯಿತು, ಸೂಕ್ತವೆಂದರೆ ಏನು ಎಂಬ ಜಗಳ ಆರಂಭವಾಯಿತು. ಆ ನೀತಿ ಕಟ್ಟಡಕ್ಕೆ ವಿನಾಯಿತಿ ಕೊಟ್ಟು, ನೆಲದ ಬಳಕೆಯ ಬದಲಾವಣೆಯ ಬಗ್ಗೆ ಮೌನವಾಗಿತ್ತು. ಲಾಯ ಕಟ್ಟಬಹುದು, ಆದರೆ ಹೊಲದಲ್ಲಿ ಕುದುರೆ ಬಿಡುವುದೇ ಅನುಚಿತವಾದೀತು ಎಂಬ ವಿಚಿತ್ರ ಸ್ಥಿತಿ ಇದರಿಂದ ಒದಗಿತು. 2018ರ ಪರಿಷ್ಕರಣೆಯಲ್ಲಿ ಇದನ್ನು ಸರಿಪಡಿಸಿದರು. ಕರಡು ತಿದ್ದಿದ ಅನುಭವ ಉಳ್ಳವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಈಗ ನನ್ನ ಮುಖ್ಯ ಆಕ್ಷೇಪಣೆಗೆ ಬರುತ್ತೇನೆ. ಕುದುರೆ ಕೃಷಿಯಲ್ಲ ಎಂಬ ಕಾರಣಕ್ಕೆ ಲಾಯಕ್ಕೆ ಅನುಮತಿ ಸಿಗುವುದು ಕಷ್ಟ ಎಂದೆ. ಒಮ್ಮೆ ಸಿಕ್ಕ ಮೇಲೆ ಅದೇ ಕಾರಣ ಒಡೆಯನ ಪರವಾಗಿ ತಿರುಗುತ್ತದೆ. ಇಂಗ್ಲೆಂಡಿನ ನೀತಿಯಲ್ಲಿ ‘ಈಗಾಗಲೇ ಅಭಿವೃದ್ಧಿಗೊಂಡ ಭೂಮಿ’ ಎಂಬುದೊಂದು ವರ್ಗವಿದೆ. ಹಸಿರು ವಲಯದಲ್ಲಿಯೂ ಅಂಥ ಭೂಮಿಯ ಮೇಲಿನ ಕಟ್ಟಡವನ್ನು ಕೆಡವಿ, ಕೆಲವು ಮಿತಿಗಳೊಳಗೆ, ಹೊಸದನ್ನು ಕಟ್ಟಲು ಅವಕಾಶವಿದೆ. ಕೃಷಿ ಮತ್ತು ಅರಣ್ಯ ಕಟ್ಟಡಗಳಿದ್ದ ನೆಲವನ್ನು ಈ ವರ್ಗದಿಂದ ಸ್ಪಷ್ಟವಾಗಿ ಹೊರಗಿಡಲಾಗಿದೆ. ಇಲ್ಲದಿದ್ದರೆ ಪ್ರತಿಯೊಂದು ದನದ ಕೊಟ್ಟಿಗೆಯೂ ಮನೆಯಾಗುತ್ತಿತ್ತು. ಆದರೆ ಸವಾರಿ ಕುದುರೆಯ ಲಾಯ ಕೃಷಿ ಕಟ್ಟಡವಲ್ಲವಲ್ಲ! ಆದ್ದರಿಂದ ಹೊರಗಿಡುವ ಪಟ್ಟಿಯಲ್ಲಿ ಅದು ಬರುವುದಿಲ್ಲ. ಶಾಶ್ವತವಾಗಿ, ಕಾನೂನುಬದ್ಧವಾಗಿ ಕಟ್ಟಿದ ಲಾಯ ಅಭಿವೃದ್ಧಿಗೊಂಡ ಭೂಮಿಯಾಗುತ್ತದೆ. ಹತ್ತು ವರ್ಷಗಳ ನಂತರ ಕುದುರೆ ಮಾರಿ, ಲಾಯ ಕೆಡವಿ ಮನೆ ಕಟ್ಟಲು ಅರ್ಜಿ ಹಾಕುವವನ ಕೈಯಲ್ಲಿ, ಪಕ್ಕದ ಹೊಲದಲ್ಲಿ ಹಸು ಸಾಕಿದ ರೈತನ ಬಳಿ ಇಲ್ಲದ ಒಂದು ವಾದ ಇರುತ್ತದೆ.

2014ರಿಂದ ಕೃಷಿ ಕಟ್ಟಡಗಳನ್ನು ಮನೆಗಳಾಗಿ ಪರಿವರ್ತಿಸಲು ಬೇರೊಂದು ಸುಲಭ ಮಾರ್ಗ ತೆರೆಯಿತು ಎಂಬುದು ನಿಜ. ಆ ಮಾರ್ಗದಲ್ಲಿ ಲಾಯಕ್ಕೆ ಪ್ರವೇಶವಿಲ್ಲ ಎಂಬುದೂ ನಿಜ. ಹಾಗಾಗಿ ಕೆಲವರು ತಮ್ಮ ಕಟ್ಟಡ ಕೃಷಿಯದ್ದೆಂದೂ ಕೆಲವರು ಅಲ್ಲವೆಂದೂ, ಯಾವುದು ಲಾಭವೋ ಅದನ್ನು ವಾದಿಸುತ್ತಾರೆ. ಹಸು ಇದ್ದ ಕಡೆ ಕುದುರೆ ತೋರಿಸುವುದು, ಕುದುರೆ ಇದ್ದ ಕಡೆ ಹಸು ತೋರಿಸುವುದು. ಜಾನುವಾರು ಗಣತಿಯ ದಿನಗಳಲ್ಲಿ ಇಂಥ ಜಾಣ್ಮೆಯನ್ನು ನಾವೂ ಕಂಡವರೇ.

ಇಂಥ ಅನುಮತಿಯನ್ನು ಅರ್ಥಶಾಸ್ತ್ರದ ಭಾಷೆಯಲ್ಲಿ ಒಂದು ಆಯ್ಕೆಯ ಹಕ್ಕು ಎನ್ನಬಹುದು. ಇಂದು ಲಾಯ ಕಟ್ಟುವವನಿಗೆ ನಾಳೆ ಮನೆ ಕಟ್ಟುವ ಉದ್ದೇಶ ಇಲ್ಲದೆ ಇರಬಹುದು. ಆದರೂ ಆ ಸಾಧ್ಯತೆಗೆ ಒಂದು ಬೆಲೆ ಇದೆ. ಅನುಮತಿ ವ್ಯಕ್ತಿಗೆ ಅಂಟದೆ ಭೂಮಿಗೆ ಅಂಟುವುದರಿಂದ ಆ ಬೆಲೆ ಮಾರಾಟವಾದಾಗ ಕೈಗೆ ಬರುತ್ತದೆ. ಮಗಳಿಗೊಂದು ಪುಟ್ಟ ಕುದುರೆ ಕೊಡಿಸಿದ ಗುಮಾಸ್ತನೂ ಭೂಮಿಯ ಸಟ್ಟಾ ವ್ಯಾಪಾರಿಯೂ ಒಂದೇ ನಮೂನೆಯ ಅರ್ಜಿ ತುಂಬುತ್ತಾರೆ. ಅವರ ಮನಸ್ಸಿನೊಳಗೆ ಇಣುಕುವ ಸಾಧನ ಯಾವ ಅಧಿಕಾರಿಯ ಬಳಿಯೂ ಇಲ್ಲ. ಉದ್ದೇಶವನ್ನು ಪರೀಕ್ಷಿಸಲಾಗದಿದ್ದಾಗ ಪ್ರಲೋಭನೆಯನ್ನೇ ತೆಗೆದುಹಾಕುವುದು ವಿವೇಕ. ಕೃಷಿ ಕಟ್ಟಡದಂತೆ ಕುದುರೆಯ ಕಟ್ಟಡವನ್ನೂ ಆ ವರ್ಗದಿಂದ ಹೊರಗಿಟ್ಟರೆ ಸಾಕು. ಆಗ ಲಾಯ ಲಾಯವಾಗಿಯೇ ಉಳಿಯುತ್ತದೆ, ನಿಜವಾಗಿ ಕುದುರೆ ಸಾಕುವವನಿಗೆ ಅನುಮತಿ ಸಿಗುವುದೂ ಸುಲಭವಾಗುತ್ತದೆ.

ನಡೆದದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. 2024ರ ಡಿಸೆಂಬರಿನಲ್ಲಿ ಪ್ರಕಟವಾದ ಪರಿಷ್ಕೃತ ನೀತಿ ‘ಬೂದು ವಲಯ’ ಎಂಬ ಹೊಸ ಪರಿಕಲ್ಪನೆಯನ್ನು ತಂದಿತು, ಅಭಿವೃದ್ಧಿಗೊಂಡ ಭೂಮಿಯ ಮರುಬಳಕೆಯ ಮಿತಿಯನ್ನು ಸಡಿಲಿಸಿತು, ಕಾನೂನುಬದ್ಧವಾಗಿ ನಿರ್ಮಿಸಿದ ವಿಸ್ತಾರವಾದ ಗಟ್ಟಿನೆಲವನ್ನೂ ಆ ವರ್ಗಕ್ಕೆ ಸೇರಿಸಿತು. ಮನೆಗಳ ತೀವ್ರ ಕೊರತೆಯಿರುವ ದೇಶದಲ್ಲಿ ಇದಕ್ಕೆ ಸಮರ್ಥನೆ ಇಲ್ಲವೆಂದು ನಾನು ಹೇಳಲಾರೆ. ಹಸಿರು ವಲಯದ ಹೆಸರಿನಲ್ಲಿ ಕಾಯ್ದಿಟ್ಟ ಎಲ್ಲ ನೆಲವೂ ಹಸಿರಾಗಿಲ್ಲ, ಸುಂದರವಾಗಿಯೂ ಇಲ್ಲ. ಮನೆಗಳು ಬೇಕಾದರೆ ಎಲ್ಲಿ ಬೇಕು ಎಂದು ಯೋಜಿಸಿ ಕಟ್ಟಲಿ. ಹಿಂದೊಮ್ಮೆ ಯಾರೋ ಕುದುರೆ ಸಾಕಿದ್ದರು ಎಂಬ ಕಾರಣಕ್ಕೆ, ಬಸ್ಸೂ ಶಾಲೆಯೂ ಇಲ್ಲದ ಓಣಿಯ ಕೊನೆಯಲ್ಲಿ ಒಂದೊಂದೇ ಬಂಗಲೆ ಏಳುವುದು ವಸತಿ ನೀತಿ ಎನಿಸಿಕೊಳ್ಳುವುದಿಲ್ಲ.

ಬಚ್ಚಿಟ್ಟು ಕಟ್ಟುವವರ ಕಥೆ ಬೇರೆಯೇ ಇದೆ. ಹರ್ಟ್‌ಫರ್ಡ್‌ಶೈರ್‌ನ ಹಸಿರು ವಲಯದಲ್ಲಿ ಒಬ್ಬಾತ 2001ರಲ್ಲಿ ಒಣಹುಲ್ಲಿನ ಕಣಜಕ್ಕೆ ಅನುಮತಿ ಪಡೆದ. ಹೊರಗಿನಿಂದ ಅದು ಅಪ್ಪಟ ಕಣಜದಂತೆಯೇ ಇತ್ತು. ಒಳಗೆ ಮಲಗುವ ಕೋಣೆಗಳು, ವ್ಯಾಯಾಮಶಾಲೆ ಎಲ್ಲ ಇದ್ದ ಪೂರ್ಣಪ್ರಮಾಣದ ಮನೆ. ನಾಲ್ಕು ವರ್ಷ ಸದ್ದಿಲ್ಲದೆ ಸಂಸಾರ ನಡೆಸಿ, 2006ರಲ್ಲಿ ಅದನ್ನು ಸಕ್ರಮವೆಂದು ಪ್ರಮಾಣೀಕರಿಸಲು ಕೇಳಿದ. ನಾಲ್ಕು ವರ್ಷದೊಳಗೆ ಕ್ರಮ ಜರುಗಿಸದಿದ್ದರೆ ಮನೆ ಸಕ್ರಮವಾಗುವ ನಿಯಮ ಆಗ ಜಾರಿಯಲ್ಲಿತ್ತು. ಸರ್ರೆ ಕೌಂಟಿಯ ಇನ್ನೊಬ್ಬ ರೈತ ಹುಲ್ಲಿನ ಪೆಂಡಿಗಳ ಗೋಡೆಯ ಹಿಂದೆ ಕೋಟೆಯ ಆಕಾರದ ಮನೆಯನ್ನೇ ಕಟ್ಟಿ, 2006ರಲ್ಲಿ ಪೆಂಡಿಗಳನ್ನು ಸರಿಸಿ ಅನಾವರಣ ಮಾಡಿದ. ಪೆಂಡಿ ತೆಗೆಯುವುದೂ ಕಟ್ಟಡ ಕಾಮಗಾರಿಯ ಭಾಗವೇ, ಆದ್ದರಿಂದ ಕಟ್ಟಡ ಪೂರ್ಣಗೊಂಡು ನಾಲ್ಕು ವರ್ಷ ಆಗಿಲ್ಲ ಎಂಬ ತೀರ್ಮಾನವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆ ಮನೆ 2016ರಲ್ಲಿ ನೆಲಸಮವಾಯಿತು. ಕಣಜದ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ 2011ರಲ್ಲಿ ವಂಚನೆಯ ಫಲವನ್ನು ವಂಚಕನಿಗೆ ದಕ್ಕಗೊಡಲಿಲ್ಲ. ಅದೇ ವರ್ಷದ ಸ್ಥಳೀಯತಾ ಕಾಯ್ದೆ, ಬಚ್ಚಿಟ್ಟ ಕಟ್ಟಡಗಳ ವಿರುದ್ಧ ಅವಧಿ ಮೀರಿದ ನಂತರವೂ ನ್ಯಾಯಾಲಯದ ಆದೇಶ ಪಡೆದು ಕ್ರಮ ಜರುಗಿಸುವ ಅಧಿಕಾರ ಕೊಟ್ಟಿತು. 2024ರ ಏಪ್ರಿಲ್ 25ರಿಂದ ಇಂಗ್ಲೆಂಡಿನಲ್ಲಿ ನಾಲ್ಕು ವರ್ಷದ ಅವಧಿ ಹತ್ತು ವರ್ಷಕ್ಕೆ ಏರಿದೆ. ಇದು ಸರಿಯಾದ ಕ್ರಮ. ಲಾಯದ ಅಟ್ಟದಲ್ಲಿ ಹಾಸಿಗೆ ಹಾಸಿಕೊಂಡು ದಿನ ಎಣಿಸುವವರಿಗೆ ಹತ್ತು ವರ್ಷ ಬಹಳ ದೀರ್ಘ.

ಕುದುರೆ ಸಾಕುವವರ ಪರವಾಗಿಯೂ ಹೇಳಬೇಕಾದ ಮಾತಿದೆ. ಇಂಗ್ಲೆಂಡಿನ ಸವಾರರೆಲ್ಲ ಶ್ರೀಮಂತ ಜಮೀನ್ದಾರರೆಂಬ ಕಲ್ಪನೆ ನಮ್ಮಲ್ಲಿದೆ, ಅಲ್ಲಿಯೂ ಇದೆ. ಶಿಕ್ಷಕರು, ದಾದಿಯರು, ಸಣ್ಣ ವ್ಯಾಪಾರಿಗಳು ಸಂಬಳದಲ್ಲಿ ಉಳಿಸಿ ಒಂದು ಕುದುರೆ ಇಟ್ಟುಕೊಳ್ಳುವುದು ಅಪರೂಪವಲ್ಲ. ದೊಡ್ಡ ಎಸ್ಟೇಟಿನವನಿಗೆ ತನ್ನ ಬಂಗಲೆಯ ಆವರಣದೊಳಗೇ, ಮಿತಿಗೆ ಒಳಪಟ್ಟು, ಅರ್ಜಿಯಿಲ್ಲದೆ ಲಾಯ ಕಟ್ಟುವ ಅವಕಾಶವಿದೆ. ಮನೆಯಿಂದ ಎರಡು ಮೈಲಿ ದೂರದಲ್ಲಿ ಒಂದು ಹೊಲ ಗುತ್ತಿಗೆ ಹಿಡಿದವನಿಗೆ ಇಲ್ಲ. ಹೀಗೆ ನಿಯಮದ ಭಾರ ಸಣ್ಣವನ ಮೇಲೇ ಹೆಚ್ಚು. ಇನ್ನು ಪ್ರಾಣಿಯ ಅಗತ್ಯ. 2006ರ ಪ್ರಾಣಿ ಕಲ್ಯಾಣ ಕಾಯ್ದೆ, ಸಾಕಿದ ಪ್ರಾಣಿಗೆ ಸೂಕ್ತ ಪರಿಸರ ಒದಗಿಸುವುದನ್ನು ಒಡೆಯನ ಕರ್ತವ್ಯವಾಗಿಸಿದೆ. ಬ್ರಿಟಿಷ್ ಹಾರ್ಸ್ ಸೊಸೈಟಿ ಒಂದು ಹೆಕ್ಟೇರಿಗೆ ಎರಡು ಕುದುರೆ, ಒಂದು ಕುದುರೆಗೆ 12 ಅಡಿ ಚದರದ ಲಾಯ ಎಂಬ ಅಂದಾಜನ್ನು ಹೇಳುತ್ತದೆ. (ನಮ್ಮ ಭೂಕಂದಾಯ ನಿಯಮಗಳ 97ನೇ ನಿಯಮ ಗೋಮಾಳಕ್ಕೆ ನೂರು ಜಾನುವಾರಿಗೆ 12 ಹೆಕ್ಟೇರ್ ಎನ್ನುತ್ತದೆ, ಇಂಗ್ಲಿಷ್ ಕುದುರೆಯ ಪಾಲು ನಮ್ಮ ಹಸುವಿನ ಪಾಲಿನ ನಾಲ್ಕು ಪಟ್ಟು!) ಹಿಮ ಬೀಳುವ ಬಯಲಿನಲ್ಲಿ ಕುದುರೆಗೆ ಆಸರೆ ಬೇಡವೆನ್ನುವವರಿಗೆ ನನ್ನ ಬಳಿ ಉತ್ತರವಿಲ್ಲ.

ಈ ವ್ಯವಸ್ಥೆಯ ಬಗ್ಗೆ ನನಗಿರುವ ಮೆಚ್ಚುಗೆಗೆ ಕಾರಣ ಅದು ತೀರ್ಮಾನಿಸುವ ಬಗೆ. ಇಬ್ಬರು ನೆರೆಯವರ ನಡುವಿನ ಕುದುರೆ ಲಾಯದ ಅರ್ಜಿಯೂ ಸಾರ್ವಜನಿಕ ದಾಖಲೆ. ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು, ಸಾಮಾನ್ಯವಾಗಿ 21 ದಿನಗಳೊಳಗೆ ಆಕ್ಷೇಪಣೆ ಬರೆಯಬಹುದು. ನಮ್ಮ ಗ್ರಾಮ ಪಂಚಾಯಿತಿಗೆ ಹೋಲಿಸಬಹುದಾದ ಪ್ಯಾರಿಷ್ ಕೌನ್ಸಿಲ್ ತನ್ನ ಅಭಿಪ್ರಾಯ ಹೇಳುತ್ತದೆ. ಇಂಥ ಸಣ್ಣ ಅರ್ಜಿಗೆ ಎಂಟು ವಾರಗಳ ಅವಧಿ ನಿಗದಿಯಾಗಿದೆ. ನಿರಾಕರಿಸಿದರೆ ಕಾರಣ ಬರೆಯಬೇಕು. ಅರ್ಜಿದಾರ ಮೇಲ್ಮನವಿ ಸಲ್ಲಿಸಿದರೆ ಸ್ವತಂತ್ರ ಪರಿವೀಕ್ಷಕ ಸ್ಥಳಕ್ಕೆ ಹೋಗಿ ನೋಡಿ, ತನ್ನ ತೀರ್ಪನ್ನು ಪರಿಚ್ಛೇದ ಪರಿಚ್ಛೇದವಾಗಿ ಬರೆದು ಪ್ರಕಟಿಸುತ್ತಾನೆ. ಆ ತೀರ್ಪುಗಳನ್ನು ಓದುವುದೇ ಒಂದು ಶಿಕ್ಷಣ. ಬೇಲಿಸಾಲಿನ ಎತ್ತರ, ಕಾಲುದಾರಿಯಿಂದ ಕಾಣುವ ನೋಟ, ಓಣಿಯ ಅಗಲ, ತಿಪ್ಪೆಯಿಂದ ಹಳ್ಳಕ್ಕೆ ಇರುವ ದೂರ ಎಲ್ಲವೂ ಅಲ್ಲಿ ತೂಗಿ ನೋಡಲ್ಪಟ್ಟಿರುತ್ತವೆ.

ಅನುಮತಿ ಕೊಡುವಾಗ ವಿಧಿಸುವ ಷರತ್ತುಗಳೂ ಹಾಗೆಯೇ ನಿರ್ದಿಷ್ಟ. ಲಾಯ ಒಡೆಯನ ಸ್ವಂತ ಕುದುರೆಗಳಿಗೆ ಮಾತ್ರ, ಶುಲ್ಕ ಪಡೆದು ಪರರ ಕುದುರೆ ಇರಿಸಿಕೊಳ್ಳುವಂತಿಲ್ಲ. ಹೊರಗೆ ಪ್ರಖರ ದೀಪ ಹಾಕುವಂತಿಲ್ಲ. ಜಿಗಿತದ ಅಡ್ಡಪಟ್ಟಿಗಳನ್ನು ಬಳಸದಿದ್ದಾಗ ಎತ್ತಿಡಬೇಕು. ಕುದುರೆ ಸಾಕುವುದು ನಿಂತರೆ ಇಂತಿಷ್ಟು ತಿಂಗಳಲ್ಲಿ ಕಟ್ಟಡ ತೆಗೆದು ನೆಲವನ್ನು ಮೊದಲಿನಂತೆ ಮಾಡಬೇಕು. ಈ ಕೊನೆಯ ಷರತ್ತನ್ನು ಎಲ್ಲ ಕಡೆ ವಿಧಿಸುವುದಿಲ್ಲ. ವಿಧಿಸಿದಲ್ಲಿ ನಾನು ಮೇಲೆ ಹೇಳಿದ ಪ್ರಲೋಭನೆಗೆ ಅದೇ ಮದ್ದು. ಷರತ್ತು ಅಗತ್ಯವಾಗಿರಬೇಕು, ಸ್ಪಷ್ಟವಾಗಿರಬೇಕು, ಜಾರಿಗೆ ತರಲು ಬರುವಂತಿರಬೇಕು, ನ್ಯಾಯಯುತವಾಗಿರಬೇಕು ಎಂಬ ಪರೀಕ್ಷೆಗಳನ್ನು ನೀತಿಯೇ ಹೇಳುತ್ತದೆ. ಇದರ ದೌರ್ಬಲ್ಯ ಇರುವುದು ಜಾರಿಯಲ್ಲಿ. ಉಲ್ಲಂಘನೆ ಕಂಡರೂ ಕ್ರಮ ಕೈಗೊಳ್ಳುವುದು ಪ್ರಾಧಿಕಾರದ ವಿವೇಚನೆ, ಕಡ್ಡಾಯವಲ್ಲ. 2010ರ ನಂತರದ ಮಿತವ್ಯಯದ ವರ್ಷಗಳಲ್ಲಿ ಸ್ಥಳೀಯ ಸಂಸ್ಥೆಗಳ ಯೋಜನಾ ವಿಭಾಗಗಳು ಸೊರಗಿದವು. ದೂರು ಬಂದಾಗ ಬೂಟು ಹಾಕಿಕೊಂಡು ಹೊಲಕ್ಕೆ ಹೋಗುವ ಸಿಬ್ಬಂದಿ ಇಲ್ಲದಿದ್ದರೆ ಎಂಥ ಷರತ್ತೂ ಕಾಗದದ ಕುದುರೆಯೇ.

ನಮ್ಮಲ್ಲಿ ಕುದುರೆಯ ಸ್ಥಾನದಲ್ಲಿ ತೋಟದ ಮನೆ ಇದೆ. ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಅಡಿಯಲ್ಲಿ ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಸೆಕ್ಷನ್‌ಗಳು 2020ರಲ್ಲಿ ರದ್ದಾದವು. ಅದಾದ ಮೇಲೆ ಬೆಂಗಳೂರಿನ ಸುತ್ತಲಿನ ನೆಲಕ್ಕೆ ಇರುವ ಏಕೈಕ ಕಾವಲು ಭೂಬಳಕೆಯ ನಿಯಂತ್ರಣವೇ. ನಮ್ಮ ಭೂಸುಧಾರಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಜಾನುವಾರು ತಳಿ ಸಾಕಣೆಯೂ ಮೇವೂ ಕೃಷಿಯೇ. ವಾರಾಂತ್ಯದ ಸವಾರಿಗೆಂದು ಎರಡು ಕುದುರೆ ಕಟ್ಟಿದ ಹತ್ತು ಎಕರೆ ಕೃಷಿಯೇ ಅಲ್ಲವೇ ಎಂದು ಸೈಕ್ಸ್ ಪ್ರಕರಣದಲ್ಲಿ ಕೇಳಿದಂತೆ ಕೇಳಿ, ಮೇವು ಎಲ್ಲಿಂದ ಬರುತ್ತದೆ ಎಂದು ಪರಿಶೀಲಿಸುವ ಶಿಸ್ತು ನಮ್ಮ ಕಡತಗಳಲ್ಲಿ ಇನ್ನೂ ಬೆಳೆದಿಲ್ಲ. ಕೃಷಿ ಅಥವಾ ಕೃಷಿಯೇತರ ಎಂಬ ಎರಡೇ ಖಾನೆಗಳು ನಮಗೆ ರೂಢಿ. ಒಮ್ಮೆ ಪರಿವರ್ತನೆಯಾದರೆ ನೆಲ ಮತ್ತೆ ಹೊಲವಾಗುವ ದಾರಿಯನ್ನು ಯಾರೂ ಯೋಚಿಸಿರುವುದಿಲ್ಲ.

ಅಕ್ರಮ-ಸಕ್ರಮದ ಅನುಭವವನ್ನೂ ಇಲ್ಲಿ ನೆನೆಯಬೇಕು. 2007ರ ತಿದ್ದುಪಡಿಯ ಮೂಲಕ ಅನಧಿಕೃತ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಯೋಜನೆ ಬಂದಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಇಂಗ್ಲೆಂಡಿನಲ್ಲಿ ಕಾಲ ಕಳೆದರೆ ಸಕ್ರಮ, ನಮ್ಮಲ್ಲಿ ಹಣ ಕಟ್ಟಿದರೆ ಸಕ್ರಮ. ಎರಡರಲ್ಲಿಯೂ ನಷ್ಟ ಅನುಭವಿಸುವವನು ನಿಯಮ ಪಾಲಿಸಿ ಕಟ್ಟದೆ ಉಳಿದವನೇ. ಆದರೂ ಒಂದು ವ್ಯತ್ಯಾಸವಿದೆ. ಅವರು ಅವಧಿಯನ್ನು ನಾಲ್ಕರಿಂದ ಹತ್ತಕ್ಕೆ ಏರಿಸಿದರು. ನಾವು ಅರ್ಹತೆಯ ಕಡೆಯ ದಿನಾಂಕವನ್ನು ಮುಂದೂಡುತ್ತ ಬಂದೆವು.

ಪರಿವರ್ತನೆಯ ಆದೇಶಕ್ಕಿಂತ ಕೆಳಗಿನ ಹಂತದ ಒಂದು ಅನುಮತಿಯನ್ನು ನಮ್ಮ ಕಾಯ್ದೆಯಲ್ಲಿ ಅಳವಡಿಸಲು ಸಾಧ್ಯವಿದೆ. ಭೂಮಿಯ ವರ್ಗೀಕರಣ ಕೃಷಿಯಾಗಿಯೇ ಉಳಿಯಲಿ. ಲಾಯ, ಸವಾರಿ ಅಂಕಣ, ವಿಶ್ರಾಂತಿ ಕೊಠಡಿಯಂಥ ರಚನೆಗೆ ನಿರ್ದಿಷ್ಟ ಬಳಕೆಯ, ನಿರ್ದಿಷ್ಟ ಅಳತೆಯ ಅನುಮತಿ ಕೊಡಲಿ. ಬಳಕೆ ನಿಂತ ದಿನ ಅದನ್ನು ತೆಗೆಯುವ ಷರತ್ತು ಇರಲಿ, ತೆಗೆಯುವ ವೆಚ್ಚಕ್ಕೆ ಮುಂಗಡ ಠೇವಣಿಯೂ ಇರಲಿ. ಪಹಣಿಯಲ್ಲಿ ಈ ಷರತ್ತು ನಮೂದಾದರೆ, ನಾಳೆ ಆ ಜಮೀನು ಕೊಳ್ಳುವವನು ತಾನು ಕೊಳ್ಳುತ್ತಿರುವುದು ಹೊಲವನ್ನೇ ಹೊರತು ನಿವೇಶನವನ್ನಲ್ಲ ಎಂದು ತಿಳಿದು ಬೆಲೆ ಕಟ್ಟುತ್ತಾನೆ. ಇದಕ್ಕೆ ಬೇಕಾದುದು ಪಹಣಿಯಲ್ಲಿ ಒಂದು ಕಲಂ ಮತ್ತು ವರ್ಷಕ್ಕೊಮ್ಮೆ ಸ್ಥಳಕ್ಕೆ ಹೋಗಿ ಬರುವ ಒಬ್ಬ ಸರ್ವೇಯರ್.